ಸಣ್ಣ ಗುಂಡಿನ ಪಿಸ್ತೂಲು

ಸಂಶಿ, ತಾ. ಕುಂದಗೋಳ
9 ಜನವರಿ 2024

ಗೂಳಪ್ಪ ಮಾಮಾ ಅವರಿಗೆ, ತಿರ್ಲಾಪುರದ ನಿಮ್ಮ ಅಕ್ಕ ದೇವಕ್ಕನ ಮಗಳು ಸವಿತಾ ಮಾಡುವ ನಮಸ್ಕಾರ.

ಎಲ್ಲರೂ ಆರಾಮ ಇದ್ದೇವೆ ಎಂದು ಬರೆದು ಮುಂದಿನ ಮಾತಿಗೆ ಹೋಗಬೇಕು. ಆದರೆ ಮೊದಲು ನಿಮ್ಮ ಜೊತೆ ಜಗಳ ಮುಗಿಸಿಬಿಡುತ್ತೇನೆ. ದೀಪಾವಳಿಯಿಂದ ನಿಮಗೆ ಫೋನು ಮಾಡುತ್ತಲೇ ಇದ್ದೇನೆ. ಒಮ್ಮೆಯೂ ಎತ್ತಲಿಲ್ಲ. ಮೆಸೇಜು ಕಳಿಸೋಣವೆಂದರೆ ನಿಮ್ಮ ಹಳೇ ಫೋನಿನಲ್ಲಿ ಕನ್ನಡ ಕಾಣುವುದಿಲ್ಲವಂತೆ. ಕೊನೆಗೆ ಅವ್ವ ಈ ವಿಳಾಸ ಕೊಟ್ಟು, "ಅಂವಗ ಕಾಗದಾ ಬರಿ. ಕಾಗದಕ್ಕಷ್ಟ ಜವಾಬು ಕೊಡತಾನ" ಎಂದಳು. ಮಿಲಿಟರಿಯಿಂದ ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಊರಿಗೆ ಬರದೆ ಮಧ್ಯಪ್ರದೇಶದ ಮಹೂನಲ್ಲೇ ಕೂತ ದೊಡ್ಡ ಮನುಷ್ಯರು ನೀವು. ಫೋನು ಎತ್ತಿದರೆ ಎಲ್ಲಿ ಗೌರವ ಕಡಿಮೆಯಾಗುತ್ತದೋ ಎಂದು ಇರಬಹುದು.

ಜಗಳ ಮುಗಿಯಿತು. ಈಗ ವಿಷಯ. ಕಾಲೇಜಿನಲ್ಲಿ ಎನ್‌ಸಿಸಿ ಇದ್ದಾಗ ನಾನು ಸಣ್ಣ ಗುಂಡಿನ ಪಾಯಿಂಟ್ ಟೂಟೂ ರೈಫಲ್ಲು ಹೊಡೆದದ್ದು ನಿಮಗೆ ನೆನಪಿರಬೇಕು. ಆಮೇಲೆ ಮದುವೆ, ಇಲ್ಲಿಯ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್ ಕೆಲಸ, ಅಷ್ಟೇ. ಹೋದ ವರ್ಷ ಶಾಲೆಯ ಹುಡುಗಿಯರನ್ನು ಹುಬ್ಬಳ್ಳಿ ಹತ್ತಿರದ ಶೂಟಿಂಗ್ ರೇಂಜಿಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿಯ ಕೋಚ್ ರೂಬಿನಾ ಮೇಡಂ ನನ್ನ ಕೈಗೂ ಒಂದು ಏರ್ ಪಿಸ್ತೂಲು ಕೊಟ್ಟರು. ನಾನು ಕೆಳಗಿಡಲಿಲ್ಲ. "ಮಕ್ಕಳನ್ನ ಕರ್ಕೊಂಡು ಬಂದೀರೋ, ನೀವ ಕಲಿಯಾಕ ಬಂದೀರೋ?" ಎಂದು ಅವರು ನಕ್ಕರು. ಅಂದಿನಿಂದ ಪ್ರತಿ ಭಾನುವಾರ ಹೋಗುತ್ತಿದ್ದೇನೆ. ಈಗ ಇಪ್ಪತ್ತೈದು ಮೀಟರಿನ ಪಂದ್ಯಕ್ಕೆ ತಯಾರಾಗಿ, ಅದಕ್ಕೆ ಸ್ವಂತ ಪಿಸ್ತೂಲು ಬೇಕು ಎನ್ನುತ್ತಾರೆ.

ಮನೆಯವರು, ಅಂದರೆ ಮಾಂತೇಶ, ಬೀಜ ಗೊಬ್ಬರದ ಅಂಗಡಿಯಲ್ಲಿ ಕೂತು ಎಲ್ಲರ ಸಲಹೆ ಕೇಳಿ ಬಂದಿದ್ದಾರೆ. "ತಗೊಂಡ್ರ ಥರ್ಟಿಟೂ ತಗೋ. ನೋಡಿದ್ರ ಪಿಸ್ತೂಲ್ ಅನ್ನಿಸಬೇಕು" ಎಂಬುದು ಅವರ ತೀರ್ಮಾನ. ಅತ್ತೆ ಮೈಲಾರವ್ವ ಈ ವಿಷಯದಲ್ಲಿ ಬಾಯೇ ಬಿಟ್ಟಿಲ್ಲ. ಅವರ ಮೌನ ನನಗೆ ಬೈಗುಳಕ್ಕಿಂತ ಭಾರ.

ನನಗೆ ಮೂವತ್ತಮೂರು. ಈಗ ಬಿಟ್ಟರೆ ಮತ್ತೆ ಹಿಡಿಯುವುದಿಲ್ಲ. ಬಂದೂಕು ಬಲ್ಲವರು ನಮ್ಮ ಬಳಗದಲ್ಲಿ ನೀವೊಬ್ಬರೇ. ಯಾವುದು ಕೊಳ್ಳಲಿ, ಹೇಳಿ.

ನಿಮ್ಮ ಸವಿತಾ


ಮಹೂ
24 ಜನವರಿ 2024

ಸವಿತಾ,

ನಿನ್ನ ಕಾಗದ ತಲುಪಿತು. ಫೋನು ನನಗೆ ಸೇರುವುದಿಲ್ಲ. ಅದರಲ್ಲಿ ಜನ ಯೋಚಿಸದೆ ಮಾತಾಡುತ್ತಾರೆ. ಬಂದೂಕಿನ ವಿಷಯ ಯೋಚಿಸಿ ಹೇಳುವಂಥದ್ದು, ಆದ್ದರಿಂದ ಕಾಗದವೇ ಸರಿ. ಗೌರವದ ಮಾತು ಬೇಡ. ನಾನಿಲ್ಲಿ ಒಂದು ರೇಂಜಿನಲ್ಲಿ ಬೇರೆಯವರ ಪಿಸ್ತೂಲು ಬಿಚ್ಚಿ ತಿಕ್ಕಿ ಕೊಡುವವನು.

ಮಾಂತೇಶನಿಗೆ ಹೇಳು, ಥರ್ಟಿಟೂ ತೋರಿಸುವುದಕ್ಕೆ ಚೆನ್ನ, ಕಲಿಯುವುದಕ್ಕಲ್ಲ. ದೊಡ್ಡ ಗುಂಡು ಕೈಯನ್ನು ಒದೆಯುತ್ತದೆ. ನಾಲ್ಕು ಸಲ ಒದೆ ತಿಂದ ಕೈ ಐದನೆಯದಕ್ಕೆ ಮೊದಲೇ ಬೆದರುತ್ತದೆ. ಬೆದರಿದ ಕೈ ಗುರಿ ಬಿಡುತ್ತದೆ. ಅದನ್ನು ಬಿಡಿಸಲು ನಾನು ದೊಡ್ಡ ದೊಡ್ಡ ಜವಾನರ ಮೇಲೆ ವರ್ಷಗಟ್ಟಲೆ ಹೆಣಗಿದ್ದೇನೆ.

ನಿನಗೆ ಪಾಯಿಂಟ್ ಟೂಟೂ. ಆ ಗುಂಡು ಸಣ್ಣದು. ಅದರ ಮದ್ದು ಹೊತ್ತುವುದು ಬುಡದ ಅಂಚಿನಲ್ಲಿ. ಪಿಸ್ತೂಲಿನ ಪಿನ್ನು ಆ ಅಂಚಿಗೆ ಬಡಿದರೆ ಸಾಕು, ಹಾರುತ್ತದೆ. ಮಾಡುವುದು ಸುಲಭ, ಆದ್ದರಿಂದ ಅಗ್ಗ. ಮಾಂತೇಶನ ಪಿಸ್ತೂಲು ಒಂದು ಮಧ್ಯಾಹ್ನ ಸುಟ್ಟು ಮುಗಿಸುವ ಹಣದಲ್ಲಿ ನೀನು ತಿಂಗಳು ಪೂರ್ತಿ ಕಲಿಯಬಹುದು. ಪಂದ್ಯವೂ ಅದೇ ಗುಂಡಿನದು. ಗುರಿ ಬರುವುದು ಗುಂಡಿನ ಗಾತ್ರದಿಂದಲ್ಲ, ಎಷ್ಟು ಗುಂಡು ಹೊಡೆದೆ ಎಂಬುದರಿಂದ.

ಕೊಳ್ಳುವ ಅವಸರ ಬೇಡ. ಒಂದು ಚರಿಗೆ ತುಂಬ ನೀರು ತೆಗೆದುಕೊ. ಬಲಗೈ ನೀಟಾಗಿ ಚಾಚಿ ಹಿಡಿದು ನಿಲ್ಲು. ದಿನಾ ಬೆಳಿಗ್ಗೆ. ಚರಿಗೆಯಲ್ಲಿ ನೀರು ಅಲುಗಾಡುವುದು ನಿಂತ ಮೇಲೆ ಬರೆ, ಮುಂದಿನದು ಹೇಳುತ್ತೇನೆ. ನಿಲ್ಲದಿದ್ದರೆ ಬರೆಯಬೇಡ.

ಅಕ್ಕನಿಗೆ ನಾನು ಚೆನ್ನಾಗಿದ್ದೇನೆಂದು ತಿಳಿಸು.

ಗೂಳಪ್ಪ


ಸಂಶಿ
18 ಮಾರ್ಚ್ 2024

ಮಾಮಾ ಅವರಿಗೆ ನಮಸ್ಕಾರ.

ನೀರು ನಿಂತಿದೆ. ಇದನ್ನು ಬರೆಯಲಿಕ್ಕೆಂದೇ ಇಷ್ಟು ದಿನ ಪೆನ್ನು ಮುಟ್ಟಿರಲಿಲ್ಲ.

ಮೊದಲ ವಾರ ಹಿತ್ತಲಲ್ಲಿ ಅರ್ಧ ಚರಿಗೆ ನೀರು ನನ್ನ ಸೀರೆಯ ಮೇಲೇ ಬೀಳುತ್ತಿತ್ತು. ಅತ್ತೆ ಕಟ್ಟಿಗೆ ತರಲು ಬಂದವರು ನಿಂತು ನೋಡಿ, "ಗಿಡಕ್ಕ ಹಾಕಾಕಿ ಇದ್ರ ಹಾಕು. ಇಲ್ಲಂದ್ರ ಕುಡಿ. ಸುಮ್ನ ಯಾಕ ಹಿಡಕೊಂಡು ನಿಂತಿ?" ಎಂದರು. ನಿಮ್ಮ ಆಜ್ಞೆಯನ್ನು ವಿವರಿಸಿದೆ. ಅವರು ಕಟ್ಟಿಗೆ ಎತ್ತಿಕೊಂಡು ಒಳಗೆ ಹೋದರು. ಮರುದಿನದಿಂದ ಆ ಹೊತ್ತಿಗೆ ಹಿತ್ತಲಿಗೆ ಬರುವುದನ್ನೇ ಬಿಟ್ಟಿದ್ದಾರೆ. ನನ್ನ ಮುಖ ನೋಡಲೂ ಬೇಸರವಿರಬೇಕು.

ರೂಬಿನಾ ಮೇಡಂ ಮೂರು ಪಿಸ್ತೂಲು ತೋರಿಸಿದ್ದಾರೆ, ಮೂರೂ ಪಾಯಿಂಟ್ ಟೂಟೂ. ಮೊದಲನೆಯದು ಹೊಸದು, ಕಪ್ಪು, ನೋಡಲು ಥೇಟ್ ಪೊಲೀಸರ ಪಿಸ್ತೂಲಿನಂತೆ, ಕೈಗೆ ಹಗುರ. ಮಾಂತೇಶ ಅದನ್ನೊಮ್ಮೆ ಹಿಡಿದು ಫೋಟೋ ತೆಗೆಸಿಕೊಂಡರು. ಎರಡನೆಯದು ವಿದೇಶದ್ದು, ಮೈತುಂಬ ತಿರುಪು, ಬೆಲೆ ಕೇಳಿ ನಾವು ಚಹಾ ಕುಡಿದು ಎದ್ದು ಬಂದೆವು. ಮೂರನೆಯದು ಧಾರವಾಡದ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರದು. ಅವರಿಗೀಗ ಭುಜದ ನೋವಂತೆ, ಬಿಟ್ಟುಕೊಡುತ್ತಾರೆ. ಅದೂ ವಿದೇಶದ್ದೇ, ಆದರೆ ಹಳೆಯದು. ಬಣ್ಣ ಹೋಗಿದೆ, ಮರದ ಹಿಡಿಕೆ ನನ್ನ ಕೈಗೆ ದೊಡ್ಡದು. ಮುಂಭಾಗ ಭಾರ. ಕುದುರೆ, ಅಂದರೆ ಟ್ರಿಗರ್, ಎಳೆದರೆ ಮಾತ್ರ ಗಾಜಿನ ಕಡ್ಡಿ ಮುರಿದ ಹಾಗೆ ತಟ್ಟನೆ ಬಿಡುತ್ತದೆ.

ನನ್ನ ಮನಸ್ಸು ಮೂರನೆಯದರ ಮೇಲಿದೆ, ಆದರೆ ಚೆಂದವಿಲ್ಲದ್ದನ್ನು ಇಷ್ಟು ಆಸೆಪಟ್ಟು ಕೊಳ್ಳುತ್ತೇನಲ್ಲ ಎಂದು ನಾಚಿಕೆಯೂ ಆಗುತ್ತದೆ. ಒಂದು ಸಲ ಫೋನಿನಲ್ಲಿ ಸಿಕ್ಕರೆ ಇವತ್ತೇ ತೀರ್ಮಾನವಾಗುತ್ತಿತ್ತು. ಯೋಚಿಸಿಯೇ ಮಾತಾಡುತ್ತೇನೆ ಎಂದು ಆಣೆ ಮಾಡಿದರೂ ಎತ್ತುವುದಿಲ್ಲವೇ?

ಸವಿತಾ


ಮಹೂ
2 ಏಪ್ರಿಲ್ 2024

ಸವಿತಾ,

ಮೂರನೆಯದು.

ಕಪ್ಪನೆಯದು ಹಗುರ ಎಂದೆ. ಹಗುರವಾದದ್ದು ಕೈಯಲ್ಲಿ ನಿಲ್ಲುವುದಿಲ್ಲ. ಮುಂಭಾಗ ಭಾರವಿದ್ದರೆ ತಾನೇ ಕೆಳಗೆ ಕೂತು ನಿಲ್ಲುತ್ತದೆ. ಕುದುರೆಯ ಬಗ್ಗೆ ನೀನು ಬರೆದ ಒಂದು ಸಾಲು ಓದಿ ನನಗೆ ತೃಪ್ತಿಯಾಯಿತು. ಬಣ್ಣದ ಚಿಂತೆ ಬಿಡು. ಹಿಡಿಕೆ ದೊಡ್ಡದಾದರೆ ಮರಳು ಕಾಗದ ತಂದು ಸ್ವಲ್ಪ ಸ್ವಲ್ಪವೇ ಉಜ್ಜು. ಪಿಸ್ತೂಲು ಕೈಗೆ ಒಗ್ಗಬೇಕು, ಕೈ ಪಿಸ್ತೂಲಿಗೆ ಒಗ್ಗಬಾರದು. ಹಣ ಕೊಡುವ ಮೊದಲು ಅದರ ಬಿಡಿಭಾಗ ಈಗಲೂ ಸಿಗುತ್ತವೆಯೇ ಎಂದು ರೂಬಿನಾ ಅವರನ್ನು ಕೇಳು. ಲೈಸೆನ್ಸಿಲ್ಲದೆ ಒಂದು ದಿನಕ್ಕೂ ಮನೆಗೆ ತರಬೇಡ.

ಟೂಟೂ ಪಿಸ್ತೂಲುಗಳಿಗೆ ನಾಲಿಗೆ ರುಚಿ ಬಹಳ. ಒಂದು ಕಂಪನಿಯ ಗುಂಡು ಸೇರಿದರೆ ಇನ್ನೊಂದರದ್ದು ಸೇರುವುದಿಲ್ಲ. ಕ್ಲಬ್ಬಿನಲ್ಲಿ ಸಿಗುವ ಎಲ್ಲ ಬಗೆಯನ್ನೂ ಒಂದೊಂದು ಡಬ್ಬಿ ಹೊಡೆದು ನೋಡು. ಯಾವುದು ಹಲಗೆಯಲ್ಲಿ ಒಂದೇ ಕಡೆ ಗುಂಪಾಗುತ್ತದೋ ಅದೇ ಕೊಳ್ಳು. ಅದು ಅಗ್ಗದ್ದೇ ಆಗಿದ್ದರೂ ನಾಚಬೇಡ.

ಗುಂಡಿಲ್ಲದೆ ಕುದುರೆ ಎಳೆದು ಆಡಬೇಡ, ಪಿನ್ನು ಮೊಂಡಾಗುತ್ತದೆ. ಮನೆಯಲ್ಲಿ ಹಿಂಭಾಗ ತೆರೆದು, ಒಳಗೆ ಗುಂಡಿಲ್ಲವೆಂದು ಯಾರಿಗಾದರೂ ಕಾಣುವಂತೆ ಇಡು. ಗುಂಡುಗಳು ಬೇರೆ ಕಡೆ ಇರಲಿ. ಪಂದ್ಯದ ಹಿಂದಿನ ವಾರ ಒಳಗೆ ತಿಕ್ಕಬೇಡ. ತಿಕ್ಕಿದ ಪಿಸ್ತೂಲು ಹೊಸ ಸೊಸೆ ಇದ್ದಂತೆ, ಹೊಂದಿಕೊಳ್ಳಲು ನಾಲ್ಕು ದಿನ ಬೇಕು.

ಕೊನೆಯದು. ಕಿವಿಗೆ ಮುಚ್ಚಳವಿಲ್ಲದೆ ಒಂದೇ ಒಂದು ಗುಂಡು ಹೊಡೆದೆ ಎಂದು ನನಗೆ ತಿಳಿದರೆ ಇನ್ನು ಮೇಲೆ ಒಂದು ಸಾಲೂ ಬರೆಯುವುದಿಲ್ಲ. ಸಣ್ಣ ಗುಂಡು, ಸಣ್ಣ ಶಬ್ದ ಎಂದು ಸಬೂಬು ಹೇಳಬೇಡ.

ಗೂಳಪ್ಪ


ಸಂಶಿ
19 ಆಗಸ್ಟ್ 2024

ಮಾಮಾ ಅವರಿಗೆ ನಮಸ್ಕಾರ.

ಲೈಸೆನ್ಸು ಬಂತು. ಪಿಸ್ತೂಲು ಬಂತು. ಹಿಡಿಕೆ ಉಜ್ಜಿ ಉಜ್ಜಿ ನನ್ನ ಅಂಗೈಯ ಅಚ್ಚಾಗಿದೆ. ನಾಲ್ಕು ಬಗೆಯ ಗುಂಡು ನೋಡಿದೆ, ಎರಡನೇ ಅಗ್ಗದ್ದು ಅದಕ್ಕೆ ಸೇರಿತು. ಕಿವಿಯ ಮುಚ್ಚಳ ಎರಡು ತೆಗೆದುಕೊಂಡಿದ್ದೇನೆ, ಒಳಗೊಂದು ಹೊರಗೊಂದು. ನಿಮ್ಮ ಬೆದರಿಕೆ ಅಷ್ಟು ಚೆನ್ನಾಗಿತ್ತು.

ಲೈಸೆನ್ಸಿನ ವಿಚಾರಣೆಗೆ ಪೊಲೀಸರು ಮನೆಗೆ ಬಂದಾಗ ನಾನು ಶಾಲೆಯಲ್ಲಿದ್ದೆ. ಬಾಜು ಮನೆಯ ರಹೀಮಾಬಿ ಕಾಕಿ ಕಟ್ಟೆಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡು ನನಗೆ ವರದಿ ಒಪ್ಪಿಸಿದರು. ಪೊಲೀಸ, "ಏನ್ರೀ ಯಮ್ಮಾ, ನಿಮ್ಮ ಸೊಸಿಗಿ ಪಿಸ್ತೂಲ್ ಯಾಕ ಬೇಕ್ರಿ?" ಎಂದನಂತೆ. ಅತ್ತೆ, "ನನ್ನ ಯಾಕ ಕೇಳ್ತಿ? ಹೊಡಿಯಾಕಿ ಆಕಿ. ಆಕೀನ್ನ ಕೇಳು" ಎಂದು ಹೇಳಿ ಒಳಗೆ ಹೋದರಂತೆ. ಒಂದು ಒಳ್ಳೆಯ ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು?

ಪಿಸ್ತೂಲನ್ನು ನೀವು ಹೇಳಿದಂತೆ ಹಿಂಭಾಗ ತೆರೆದೇ ಪೆಟ್ಟಿಗೆಯಲ್ಲಿಟ್ಟು ಅಲಮಾರಿಗೆ ಕೀಲಿ ಹಾಕಿದ್ದೇನೆ. ಗುಂಡುಗಳು ಕ್ಲಬ್ಬಿನಲ್ಲೇ ಇರುತ್ತವೆ. ಕೀಲಿಯನ್ನು ದೇವರ ಜಗಲಿಯಲ್ಲಿ ಮೈಲಾರಲಿಂಗನ ಮೂರ್ತಿಯ ಹಿಂದೆ ಇಟ್ಟಿದ್ದೇನೆ. ಅಲ್ಲಿ ಕಳ್ಳನೂ ಕೈ ಹಾಕುವುದಿಲ್ಲ. ಅತ್ತೆ ಆ ಅಲಮಾರಿಯ ಹತ್ತಿರ ಕಸ ಹೊಡೆಯುವುದನ್ನೂ ಬಿಟ್ಟಿದ್ದಾರೆ.

ಮಾಂತೇಶನ ಜೊತೆ ಒಂದು ಕರಾರಾಗಿದೆ. "ದಸರಾ ಆದ ಮ್ಯಾಲ ರಾಜ್ಯದ ಪಂದ್ಯ ಐತಿ. ಅರ್ಹತಾ ಅಂಕ ತಂದಿ, ಪಿಸ್ತೂಲ್ ನಿಂದು. ತರಲಿಲ್ಲ, ಮಾರಿಬಿಡೂಣು. ಮತ್ತ ಅಳಾಕ ಕುಂದರಬಾರದು" ಎಂದರು. ಹೂಂ ಎಂದು ಕೈಗೆ ಕೈ ಕೊಟ್ಟೆ. ರೇಂಜಿನಲ್ಲಿ ಆ ಅಂಕವನ್ನು ಈಗಾಗಲೇ ದಾಟುತ್ತಿದ್ದೇನೆ, ಮಾಮಾ. ಅಂದು ಕೈ ನಡುಗದಿದ್ದರೆ ಸಾಕು. ನಾನು ಇದನ್ನು ಬಿಡುವವಳಲ್ಲ.

ಬೇಗ ಬರೆಯಿರಿ.

ಸವಿತಾ


ಸಂಶಿ
20 ಅಕ್ಟೋಬರ್ 2024

ಮಾಮಾ,

ಆಗಸ್ಟಿನ ಕಾಗದಕ್ಕೆ ನಿಮ್ಮಿಂದ ಜವಾಬಿಲ್ಲ. ಪಂದ್ಯ ಮುಗಿದ ಸಂಜೆ ಬೆಂಗಳೂರಿನಿಂದ ನಿಮಗೆ ಫೋನು ಮಾಡಿದೆ. ಈ ಸಲ ಎತ್ತಿದಿರಿ. ನಾನು ಅಳುತ್ತಾ ಎಲ್ಲ ಹೇಳಿದೆ. ನೀವು "ಯಾರು, ಯಾರು" ಎಂದು ಎರಡು ಸಲ ಕೇಳಿ ಇಟ್ಟುಬಿಟ್ಟಿರಿ. ನಾನು ಸೋತದ್ದು ತಿಳಿದು ಮಾತು ಬೇಡವಾಯಿತೇನೋ.

ಹಾಗಾದರೆ ಬರವಣಿಗೆಯಲ್ಲೇ ಕೇಳಿ. ನೀವು ಆರಿಸಿದ ಪಿಸ್ತೂಲು ನನ್ನ ಕೈ ಬಿಟ್ಟಿತು. ಆರಂಭದ ಅಭ್ಯಾಸದ ಗುಂಡುಗಳು ಹಾರಿದವು. ಅಂಕದ ಗುಂಡುಗಳು ಶುರುವಾದ ಮೇಲೆ ಕುದುರೆ ಎಳೆದೆ, ಟಕ್ ಎಂದಿತು, ಗುಂಡು ಹಾರಲಿಲ್ಲ. ಕೈಯೆತ್ತಿದೆ. ತೀರ್ಪುಗಾರರು ಬಂದು ನೋಡಿ, ಪಿನ್ನಿನ ಗುರುತು ಮೆಲ್ಲಗೆ ಬಿದ್ದಿದೆ ಎಂದು ಮಾಫಿ ಮಾಡಿದರು. ಮಾಫಿ ಒಂದೇ ಸಲ. ಆಮೇಲೆ ಮತ್ತೆ ಹಾಗೇ ಆಯಿತು, ಇನ್ನೊಮ್ಮೆ ಆಯಿತು. ಹಾರದ ಗುಂಡಿಗೆಲ್ಲ ಸೊನ್ನೆ. ಹಾರಿದ ಗುಂಡುಗಳು ಎಲ್ಲಿ ಬಿದ್ದವು ಗೊತ್ತೇ? ನಡುವಿನ ಕಪ್ಪಿನಲ್ಲಿ. ಆ ಸೊನ್ನೆಗಳಿಲ್ಲದಿದ್ದರೆ ನಾನು ಅರ್ಹತಾ ಅಂಕ ದಾಟಿರುತ್ತಿದ್ದೆ. ಕೈ ನಡುಗಲಿಲ್ಲ ಮಾಮಾ, ನನಗೆ ಹೊಟ್ಟೆ ಉರಿಯುವುದು ಅದಕ್ಕೇ.

ನವಮಿಯ ಮುಂಚಿನವರೆಗೂ ರೇಂಜಿನಲ್ಲಿ ಒಂದು ಗುಂಡೂ ತಪ್ಪಿರಲಿಲ್ಲ. ಹಬ್ಬಕ್ಕೆ ರೇಂಜು ಮುಚ್ಚಿತ್ತು, ನಾನೂ ಮುಟ್ಟಲಿಲ್ಲ. ನೀವು ಹೇಳಿದಿರೆಂದು ಒಳಗೆ ತಿಕ್ಕಲೂ ಇಲ್ಲ. ಹಳೇ ಪಿಸ್ತೂಲು ಹಳೆಯದೇ. ಮಾಂತೇಶ ಏನೂ ಅಣಕಿಸಲಿಲ್ಲ, ಅದು ಇನ್ನೂ ಕಷ್ಟ. ಹಾವೇರಿಯ ಒಬ್ಬರಿಗೆ ಮಾತು ಕೊಟ್ಟಿದ್ದಾರೆ. ಈ ತಿಂಗಳು, ಮುಂದಿನ ತಿಂಗಳಲ್ಲಿ ಒಯ್ಯುತ್ತಾರೆ.

ಸವಿತಾ


ಮಹೂ
2 ನವೆಂಬರ್ 2024

ಸವಿತಾ,

ಸಿಟ್ಟು ಆಮೇಲೆ. ಮೊದಲು ಕೆಲಸ.

ಪಿಸ್ತೂಲು ಮಾರಬೇಡ. ಒಳಗೆ ಇನ್ನೂ ತಿಕ್ಕಿಲ್ಲ ತಾನೇ? ತಿಕ್ಕಬೇಡ. ಬಿಳಿ ಅರಿವೆಯ ಸಣ್ಣ ಚಿಂದಿ ತೆಗೆದುಕೊಂಡು ಪಿನ್ನು ಹೊರಗೆ ಬರುವ ಜಾಗ, ಗುಂಡು ಕೂರುವ ಗೂಡಿನ ಬಾಯಿ, ಎರಡನ್ನೂ ಒತ್ತಿ ಒರೆಸು. ಆ ಚಿಂದಿಯನ್ನು ಹಾಗೇ ಲಕೋಟೆಯಲ್ಲಿಟ್ಟು ಸ್ಪೀಡ್ ಪೋಸ್ಟ್ ಮಾಡು.

ಪಂದ್ಯವೆಂದು ಹೆದರಿ ಎಣ್ಣೆ ಸುರಿದಿರುತ್ತೀ. ಎಲ್ಲರೂ ಅದನ್ನೇ ಮಾಡುತ್ತಾರೆ. ಎಣ್ಣೆ ಗಟ್ಟಿಯಾಗಿ ಪಿನ್ನು ಸೋತಿದೆ. ಪಿಸ್ತೂಲಿನ ಮೇಲೆ ತಪ್ಪು ಹೊರಿಸುವ ಮೊದಲು ನಿನ್ನ ಕೈ ನೋಡಿಕೊ.

ಗೂಳಪ್ಪ


ಸಂಶಿ
11 ನವೆಂಬರ್ 2024

ಮಾಮಾ ಅವರಿಗೆ,

ಚಿಂದಿ ಇದರ ಜೊತೆಗಿದೆ. ನಾನು ಎಣ್ಣೆ ಸುರಿದಿಲ್ಲ. ಕಪ್ಪಿನ ಜೊತೆ ಏನೋ ಹಳದಿ ಬಂದಿದೆ, ಹಳೇ ಹಿತ್ತಾಳೆಯ ಪುಡಿಯೋ ಜಂಗೋ ಇರಬೇಕು. ಮೂಸಿ ಮುಟ್ಟಿ ನೋಡುವ ತಾಳ್ಮೆ ನನಗಿಲ್ಲ. ಹಾವೇರಿಯವರು ತಿಂಗಳ ಕೊನೆಗೆ ಬರುತ್ತಾರೆ. ನಿಮ್ಮ ಪರೀಕ್ಷೆ ಅಷ್ಟರೊಳಗೆ ಮುಗಿಯಲಿ.

ಸವಿತಾ


ಮಹೂ
18 ನವೆಂಬರ್ 2024

ಸವಿತಾ, ಮಗಳೇ,

ಎಣ್ಣೆಯ ಮಾತು ನಾನು ತಪ್ಪಾಗಿ ಆಡಿದೆ. ಮರೆತುಬಿಡು.

ಲಕೋಟೆ ಒಡೆದಾಗ ಬೆಳಿಗ್ಗೆಯ ಚಹಾ ಕೈಯಲ್ಲಿತ್ತು. ಚಿಂದಿಯನ್ನು ಮೂಗಿಗೆ ಹಿಡಿದೆ. ಮದ್ದಿನ ವಾಸನೆ ದಾಟಿ ಇನ್ನೊಂದು ವಾಸನೆ ಬಂತು. ಚಹಾ ಕೆಳಗಿಟ್ಟು ಮತ್ತೆ ಮೂಸಿದೆ. ಇದು ಜಂಗಲ್ಲ, ಹಿತ್ತಾಳೆಯಲ್ಲ. ಇದು ಭಂಡಾರ. ಮೈಲಾರಲಿಂಗನ ಭಂಡಾರ. ನಮ್ಮ ಅವ್ವ ತಿರ್ಲಾಪುರದ ಮನೆಯಲ್ಲಿ ಹಣೆಗೆ ಹಚ್ಚಿ, ಒಂದು ಚಿಟಿಕೆ ಬಾಯಿಗೆ ಹಾಕಿ, ದೇವರ ಹೆಸರಲ್ಲಿ ಏಳುಕೋಟಿ ಎಂದು ಕೂಗು ಎನ್ನುತ್ತಿದ್ದ ಅದೇ ಅರಿಶಿನ. ನಾನು ಆ ಚಿಂದಿ ಹಿಡಿದುಕೊಂಡು ಬಹಳ ಹೊತ್ತು ಕೂತೆ. ಕಣ್ಣೀರೂ ಬಂತು. ಬರೆಯಲು ನಾಚಿಕೆಯಿಲ್ಲ.

ಖಂಡೇನವಮಿಯ ದಿನ ನಿಮ್ಮ ಮನೆಯಲ್ಲಿ ಆಯುಧಕ್ಕೆ ಪೂಜೆ ಮಾಡುವವರು ಯಾರು? ಕೀಲಿ ಇಟ್ಟ ದೇವರ ಜಗಲಿಯನ್ನು ದಿನಾ ಮುಟ್ಟುವವರು ಯಾರು? ನಾನು ಹಿಂಭಾಗ ತೆರೆದಿಡು ಎಂದೆ, ನೀನು ಇಟ್ಟೆ. ಯಾರೋ ಭಕ್ತಿಯಿಂದ ಅಲ್ಲಿ ಭಂಡಾರ ತುಂಬಿದ್ದಾರೆ. ಒಳಗೆ ಮೊದಲೇ ಇದ್ದ ಎಣ್ಣೆಯ ಪಸೆಯ ಜೊತೆ ಅದು ಕೆಸರಾಗಿ ಪಿನ್ನಿನ ದಾರಿಯಲ್ಲಿ ಕೂತಿದೆ. ಗುಂಡು ಪೂರ್ತಿ ಕೂರಲಿಲ್ಲ, ಪಿನ್ನು ಪೂರ್ತಿ ಬಡಿಯಲಿಲ್ಲ. ಪಿಸ್ತೂಲಿನ ತಪ್ಪೂ ಇಲ್ಲ, ನಿನ್ನದೂ ಇಲ್ಲ. ರೂಬಿನಾ ಅವರ ಕೈಯಲ್ಲಿ ಬಿಚ್ಚಿಸಿ ತೊಳೆಸು, ಮೊದಲಿನಂತಾಗುತ್ತದೆ. ಕೀಲಿ ಇನ್ನು ಮೇಲೆ ನಿನ್ನ ಕೊರಳಿನಲ್ಲಿರಲಿ, ಲೈಸೆನ್ಸು ನಿನ್ನ ಹೆಸರಿನದು. ಆದರೆ ಅತ್ತೆಯನ್ನು ಕೇಳುವಾಗ ಮೆಲ್ಲಗೆ ಕೇಳು.

ಇನ್ನೊಂದು. ಆ ಸಂಜೆ ಫೋನಿನ ದೀಪ ಮಿನುಗಿದ್ದು ಕಂಡು ಎತ್ತಿದೆ, ನೀನು ಅತ್ತದ್ದು ನನಗೆ ಗೊತ್ತೇ ಆಗಲಿಲ್ಲ. ನನಗೆ ಕಿವಿ ಕೇಳುವುದಿಲ್ಲ, ಸವಿತಾ. ನಮ್ಮ ಕಾಲದಲ್ಲಿ ಕಿವಿ ಮುಚ್ಚಿಕೊಳ್ಳುವವನನ್ನು ಹೆಣ್ಣಿಗ ಎನ್ನುತ್ತಿದ್ದರು. ಎಡಗಿವಿ ನೌಕರಿಯಲ್ಲೇ ಹೋಯಿತು. ಆಗಸ್ಟಿನಲ್ಲಿ ಜ್ವರ ಬಂದು ಆಸ್ಪತ್ರೆಯಲ್ಲಿದ್ದಾಗ ಬಲಗಿವಿಯಲ್ಲಿ ಉಳಿದದ್ದೂ ಹೋಯಿತು, ನಿನ್ನ ಕಾಗದಕ್ಕೆ ಜವಾಬು ಬರೆಯದೆ ಉಳಿದದ್ದು ಅದಕ್ಕೇ. ಊರಿಗೆ ಬಂದರೆ ಅಕ್ಕ ಮಾತಾಡುತ್ತಾಳೆ, ನಾನು ಸುಮ್ಮನೆ ತಲೆಯಾಡಿಸಬೇಕು. ಅದಕ್ಕಿಂತ ಇಲ್ಲಿ ಬೇರೆಯವರ ಪಿಸ್ತೂಲು ತಿಕ್ಕುವುದು ವಾಸಿ ಎನಿಸಿತು. ಕಾಗದವಾದರೆ ನಾನು ಎಲ್ಲರಂತೆ ಜವಾಬು ಕೊಡಬಲ್ಲೆ.

ಹಾವೇರಿಯವರು ಬಂದರೆ ಚಹಾ ಕೊಟ್ಟು ಕಳಿಸು. ಪಿಸ್ತೂಲು ಕೊಡಬೇಡ.

ನಿನ್ನ ಮಾಮಾ


ಸಂಶಿ
1 ಡಿಸೆಂಬರ್ 2024

ಮಾಮಾ,

ಎಷ್ಟು ಸಲ ಬರೆಯಲು ಕೂತು ಎದ್ದೆ. ನೀವು ಸೊಕ್ಕಿನವರೆಂದು ಊರೆಲ್ಲ ಹೇಳಿಕೊಂಡು ಬಂದ ನನ್ನ ಬಾಯಿಗೆ ಏನು ಮಾಡಲಿ? ಅವ್ವನಿಗೆ ನಿಮ್ಮ ಕಾಗದ ಓದಿ ಹೇಳಿದೆ. ಆಕೆ ಮೊದಲು ಅತ್ತಳು, ಆಮೇಲೆ ಬೈದಳು. "ಕಿವಿ ಇಲ್ಲಂದ್ರ ಕಣ್ಣ ಅದಾವಲ್ಲ. ಬಂದು ಮುಖಾ ತೋರಿಸು ಅನ್ನು" ಎಂದು ಬರೆಯಲು ಹೇಳಿದ್ದಾಳೆ.

ಅತ್ತೆ ರೊಟ್ಟಿ ಬಡಿಯುತ್ತಿದ್ದಾಗ ಹತ್ತಿರ ಕೂತು ಚಿಂದಿಯ ಕಥೆ ಹೇಳಿದೆ. ಬಡಿಯುತ್ತಿದ್ದ ಕೈ ನಿಂತಿತು.

"ನಾನಽ ಹಚ್ಚಿದ್ದು" ಎಂದರು. "ನೀ ಸಾಲಿಯಾಗಿನ ಪೂಜಾಕ್ಕ ಹೋಗಿದ್ದಿ. ಕುರಿಗಿ ಹಚ್ಚತೇವಿ, ಕುಡಗೋಲಿಗಿ ಹಚ್ಚತೇವಿ, ಮಾಂತೇಶನ ಗಾಡಿಗಿ ಹಚ್ಚತೇವಿ. ಮನಿಯಾಗ ಆಯುಧ ಇಟಗೊಂಡು ಅದಕ್ಕೊಂದಽ ಭಂಡಾರ ಇಲ್ಲಂದ್ರ ಹೆಂಗ? ಪೆಟಗಿ ತಗದ್ರ ಬಾಯಿ ತಕ್ಕೊಂಡು ಕುಂತಿತ್ತು. ಬಾಯಿಗೂ ಹಾಕಿದೆ. ನಿನಗ ಗೊತ್ತಾದ್ರ ನಗತಿ ಅಂತ ಮ್ಯಾಲಿಂದೆಲ್ಲಾ ಒರಸಿ ಇಟ್ಟೆ."

"ನಿಮಗ ನಾ ಹೊಡಿಯೂದು ಸೇರಂಗಿಲ್ಲ ಅಂದ್ಕೊಂಡಿದ್ದೆರಿ" ಎಂದೆ.

"ಬ್ಯಾಡ ಅನ್ನಾಕಿ ಆಗಿದ್ರ ಬಾಯಿ ಬಿಟ್ಟು ಅಂತಿದ್ದೆ. ನಾ ಯಾವಾಗ ಬಿಟ್ಟೇನಿ? ನಂಗ ತಿಳೀದ ವಿಷಯ, ಅದಕ್ಕ ಸುಮ್ನಿದ್ದೆ. ಪೊಲೀಸಗೂ ಅದನ್ನಽ ಹೇಳಿದೆ. ನಿನ್ನ ಕೆಲಸ ನಿನಗ ಗೊತ್ತು ಅಂತ. ನೀರಿನ ಚರಿಗಿ ಹಿಡಕೊಂಡು ನಿಂತಾಗ ನಾ ಬಂದ್ರ ಕೈ ಅಳ್ಳಾಡತಿತ್ತು. ಅದಕ್ಕ ಹಿತ್ತಲಕ್ಕ ಬರೂದು ಬಿಟ್ಟೆ."

ನಾನು ಅವರ ಹಿಟ್ಟಿನ ಕೈ ಹಿಡಿದುಕೊಂಡೆ. ರೊಟ್ಟಿ ಸೀದಿತು. ಅವರು ಕಣ್ಣೊರೆಸಿಕೊಂಡು, "ನನ್ನಿಂದನಽ ಸೋತಿಯಲ್ಲ ಬೇ" ಎಂದರು. ನಾನು ಸೋತಿಲ್ಲ, ಒಂದು ವರ್ಷ ಮುಂದಕ್ಕೆ ಹೋಗಿದೆ ಎಂದೆ. ಹೇಳಿದ ಮೇಲೆ ಅದು ನಿಜವೆಂದು ನನಗೂ ಅನಿಸಿತು.

ಹಾವೇರಿಯವರು ಬಂದ ದಿನ ಅತ್ತೆಯೇ ಬಾಗಿಲಲ್ಲಿ ನಿಂತು ಚಹಾ ಕೊಟ್ಟು, "ಕೊಡೂದಿಲ್ರಿ. ಹೋಗಿ ಬರ್ರಿ" ಎಂದರು. ಮಾಂತೇಶ ಕರಾರಿನ ಮಾತೆತ್ತಿದ್ದಕ್ಕೆ, "ಆ ಕರಾರ ನಾ ಕೆಡಿಸೇನಿ. ಮತ್ತೊಂದು ವರ್ಷ ಕೊಡು ಆಕಿಗಿ" ಎಂದು ಗದರಿದರು. ಮಾಂತೇಶ ಒಪ್ಪಿದರು. ಆದರೆ ಇದೇ ಕೊನೆಯ ಸಲ, ನನಗೂ ಅದು ಗೊತ್ತು.

ಪಿಸ್ತೂಲು ಬಿಚ್ಚಿ ತೊಳೆದಾಯಿತು. ಕೀಲಿ ತಾಳಿಯ ಜೊತೆ ಕೊರಳಲ್ಲಿದೆ. ಮುಂದಿನ ನವಮಿಗೆ ನೀವು ಇಲ್ಲಿರಬೇಕು. ಅತ್ತೆಯ ಮಾತನ್ನು ಅವರು ಹೇಳಿದಂತೆಯೇ ಬರೆಯುತ್ತೇನೆ: "ಬೀಗರು ಬರ್ಲಿ. ಕಿವಿ ಕೇಳಲಿಲ್ಲಂದ್ರ ಏನಾತು, ನಂದೇನು ಬಾಳ ಮಾತಿರತಾವು?"

ನಿಮ್ಮ ಸವಿತಾ


ತಿರ್ಲಾಪುರ, ತಾ. ನವಲಗುಂದ
15 ಅಕ್ಟೋಬರ್ 2025

ಮಗಳು ಸವಿತಾಳಿಗೆ ಆಶೀರ್ವಾದ.

ಮೇಲಿನ ವಿಳಾಸ ಬರೆಯುವಾಗ ಕೈ ಒಮ್ಮೆ ನಿಂತಿತು. ಅಕ್ಕನ ಮನೆಯ ಪಡಸಾಲೆಯಲ್ಲಿ ಕೂತಿದ್ದೇನೆ. ಹೊರಗೆ ಹತ್ತಿ ಬಿಡಿಸುವವರು ಬಂದಿದ್ದಾರೆ. ಅಕ್ಕ ಬೆಳಿಗ್ಗೆಯಿಂದ ಮಾತಾಡುತ್ತಲೇ ಇದ್ದಾಳೆ. ನಾನು ತಲೆಯಾಡಿಸುತ್ತೇನೆ. ತಪ್ಪು ಜಾಗದಲ್ಲಿ ಆಡಿಸಿದರೆ ನೆತ್ತಿಗೆ ಮೊಟಕುತ್ತಾಳೆ. ಹೆದರಿದಷ್ಟು ಕಷ್ಟವಿಲ್ಲ.

ನಿಮ್ಮ ಮನೆಯ ನವಮಿ ಚೆನ್ನಾಗಿತ್ತು. ನಿನ್ನ ಅತ್ತೆ ಪೆಟ್ಟಿಗೆಯ ಮುಚ್ಚಳ ಹಾಕಿದೆಯೋ ಇಲ್ಲವೋ ಎಂದು ಮೂರು ಸಲ ನೋಡಿ, ಮೇಲೆ ಮಾತ್ರ ಭಂಡಾರ ಹಚ್ಚಿದರು. ಪಿಸ್ತೂಲಿನ ಬಾಯಿಗೆ ಹಾಕಬೇಕಿದ್ದ ಚಿಟಿಕೆಯನ್ನು ನನ್ನ ಬಾಯಿಗೆ ಹಾಕಿದರು. ಎಷ್ಟೋ ವರ್ಷಗಳ ಮೇಲೆ ಏಳುಕೋಟಿ ಎಂದೆ. ಎಷ್ಟು ಜೋರಾಗಿ ಎಂದೆನೋ, ನನಗೆ ಗೊತ್ತಾಗಲಿಲ್ಲ. ರಹೀಮಾಬಿಯವರು ಗೋಡೆಯ ಆಚೆಯಿಂದ ಇಣುಕಿದರು.

ಹುಬ್ಬಳ್ಳಿಯಲ್ಲಿ ನನ್ನನ್ನು ಬಸ್ಸು ಹತ್ತಿಸುವಾಗ ನೀನು ಏನೋ ಹೇಳಿದೆ. ನಾನು ತಲೆಯಾಡಿಸಿದೆ. ಏನು ಹೇಳಿದೆಯೋ ತಿಳಿಯಲಿಲ್ಲ. ಅದನ್ನು ಬರೆದು ಕಳಿಸು.

ಈಗ ಪಂದ್ಯದ ಮಾತು. ಅಂದು ಮಾಂತೇಶ ಎಲ್ಲರನ್ನೂ ತಬ್ಬಿಕೊಳ್ಳುತ್ತಿದ್ದ, ನಿನಗೆ ಹೇಳಲಾಗಲಿಲ್ಲ. ಬೆಂಚಿನ ಮೇಲೆ ನಾನು ಈ ತುದಿ, ನಿನ್ನ ಅತ್ತೆ ಆ ತುದಿ. ಅವರು ಸೆರಗಿನ ಮೇಲೆ ರೂಬಿನಾ ಅವರ ಕಿವಿ ಮುಚ್ಚಳ ಹಾಕಿಕೊಂಡು ಕೂತಿದ್ದರು. ಹಲಗೆ ನನಗೆ ಸರಿಯಾಗಿ ಕಾಣುತ್ತಿರಲಿಲ್ಲ. ನಿನ್ನ ಮಣಿಕಟ್ಟನ್ನೇ ನೋಡುತ್ತಿದ್ದೆ. ಹೋದ ವರ್ಷ ಪಿಸ್ತೂಲು ಕೈ ಕೊಟ್ಟದ್ದು ಇಂಥ ಹೊತ್ತಿನಲ್ಲೇ. ಗುಂಡು ಹಾರಿತೋ, ಬರೀ ಟಕ್ ಎಂದಿತೋ, ನನಗೆ ಹೇಗೆ ತಿಳಿಯಬೇಕು? ಅಷ್ಟರಲ್ಲಿ ಬೆಂಚು ಅದುರಿತು. ತಿರುಗಿ ನೋಡಿದೆ. ನಿನ್ನ ಅತ್ತೆ ಮುಷ್ಟಿ ಕಟ್ಟಿ ಬೆಂಚಿಗೆ ಗುದ್ದಿದ್ದರು. ನನ್ನ ಕಡೆ ನೋಡಲಿಲ್ಲ. ನೀನು ಮತ್ತೆ ಕೈ ಎತ್ತಿದೆ, ಮತ್ತೆ ಗುದ್ದಿದರು. ಆಗ ತಿಳಿಯಿತು, ನನಗಾಗಿ ಗುದ್ದುತ್ತಿದ್ದಾರೆ.

ಆಮೇಲೆ ನಾನು ಅಂಗೈಯನ್ನು ಬೆಂಚಿನ ಮೇಲೆ ಒತ್ತಿಟ್ಟು ಕೂತೆ. ನೀನು ಅರ್ಹತಾ ಅಂಕ ದಾಟಿದ್ದನ್ನು ಉಳಿದವರೆಲ್ಲ ಫಲಕದಲ್ಲಿ ಓದಿ ತಿಳಿದರು. ನನಗೆ ಅದಕ್ಕೂ ಮೊದಲೇ ಗೊತ್ತಾಗಿತ್ತು. ನಡುವೆ ಅವರ ಕೈ ನೋವಾಗಿರಬೇಕು, ಕೈ ಬದಲಿಸಿದರು, ನಿಲ್ಲಿಸಲಿಲ್ಲ. ಪಂದ್ಯಕ್ಕೆ ಅರವತ್ತು ಗುಂಡು. ಅರವತ್ತೂ ನನಗೆ ಕೇಳಿದವು.

ನಿನ್ನ ಮಾಮಾ
ಗೂಳಪ್ಪ